ಕಾರಿನ ಗೇರ್ ‘ಪಿ’ಯಲ್ಲೇ ಸಿಕ್ಕಿಹಾಕಿಕೊಂಡಿದೆಯಾ? ಲಿವರ್ ಎಳೆಯೋ ಮೊದಲು ಹಿಂದಿನ ಬ್ರೇಕ್ ಲೈಟ್ ನೋಡಿ

ಗಾಡಿ ಸ್ಟಾರ್ಟ್ ಆಗುತ್ತೆ, ಎಸಿ ಓಡುತ್ತೆ, ಹಾಡೂ ಬರುತ್ತೆ. ಆದರೆ ಗೇರ್ ಲಿವರ್ ಮಾತ್ರ ಜಪ್ಪಯ್ಯ ಅಂದರೂ ‘ಪಿ’ ಬಿಟ್ಟು ಬರಲ್ಲ. ಹಿಂದೆ ಲೋಡ್ ಆಟೋ ಹಾರ್ನ್ ಹೊಡೀತಾ ಇರುತ್ತೆ. ಅಂಗಡಿಯವರು “ಸ್ವಲ್ಪ ಗಾಡಿ ತೆಗೀರಿ ಸಾರ್” ಅಂತ ಎರಡು ಸಲ ಹೇಳಿ ಆಗಿರುತ್ತೆ. ಆಟೋಮ್ಯಾಟಿಕ್ ಕಾರು ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಇಂಥ ಪೇಚಾಟ ಎದುರಾಗಬಹುದು.

ಹತ್ತು ವರ್ಷದ ಹಿಂದೆ ತಾಲ್ಲೂಕು ಕೇಂದ್ರಗಳಲ್ಲಿ ಕ್ಲಚ್ ಇಲ್ಲದ ಕಾರು ಕಾಣೋದೇ ಅಪರೂಪವಾಗಿತ್ತು. ಈಗ ಮೂಡಿಗೆರೆಯಲ್ಲೂ ಇವೆ, ಕಡೂರಿನಲ್ಲೂ ಇವೆ. ವಾರಾಂತ್ಯ ಬಂತೆಂದರೆ ಬೆಂಗಳೂರಿನಿಂದ ಮುಳ್ಳಯ್ಯನಗಿರಿ, ಹೊರನಾಡು, ಶೃಂಗೇರಿ ಕಡೆ ಬರೋ ಕಾರುಗಳಲ್ಲಂತೂ ಬೇಕಾದಷ್ಟು. ಆದರೆ ನಮ್ಮ ಕಡೆಯ ಬಹಳಷ್ಟು ಮೆಕ್ಯಾನಿಕ್‌ಗಳ ಕೈ ಪಳಗಿರೋದು ಕ್ಲಚ್ ಗಾಡಿಗಳಲ್ಲಿ. ಹಾಗಾಗಿ ಗೇರ್ ಅಲ್ಲಾಡಲ್ಲ ಅಂದ ಕೂಡಲೇ ಬರೋ ಮೊದಲ ಮಾತು, “ಗೇರ್‌ಬಾಕ್ಸ್ ಹೋಗಿರಬೇಕು”. ಆ ಮಾತು ಕೇಳಿದರೆ ಮಾಲೀಕರ ಎದೆ ಧಸಕ್ ಅನ್ನುತ್ತೆ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಅಂದರೆ ಲಕ್ಷದ ಲೆಕ್ಕ.

ಹೆಚ್ಚಿನ ಸಲ ಹೋಗಿರೋದು ಗೇರ್‌ಬಾಕ್ಸ್ ಅಲ್ಲ. ಬ್ರೇಕ್ ಪೆಡಲ್ ಮೇಲ್ಗಡೆ ಕೂತಿರೋ ಬೆರಳುದ್ದದ ಒಂದು ಸ್ವಿಚ್ಚು, ಇಲ್ಲವೇ ಹತ್ತಿಪ್ಪತ್ತು ರೂಪಾಯಿಯ ಒಂದು ಫ್ಯೂಸು. ಇದು ಸಮಾಧಾನದ ಸುದ್ದಿ. ಆದರೆ ಇದರ ಜೊತೆಗೇ ಒಂದು ಎಚ್ಚರಿಕೆಯ ಸುದ್ದಿಯೂ ಇದೆ. ಅದೇ ಸ್ವಿಚ್ಚು ಅಥವಾ ಫ್ಯೂಸು ಹೋದಾಗ ಕಾರಿನ ಹಿಂದಿನ ಕೆಂಪು ಬ್ರೇಕ್ ಲೈಟೂ ಹತ್ತಲ್ಲ. ಹೇಗೋ ಲಿವರ್ ಬಿಡಿಸಿಕೊಂಡು ಹೊರಟುಬಿಟ್ಟರೆ, ನೀವು ಬ್ರೇಕ್ ಹಾಕಿದ್ದು ಹಿಂದೆ ಬರೋ ಬಸ್ಸಿನ ಡ್ರೈವರ್‌ಗೆ ಗೊತ್ತೇ ಆಗಲ್ಲ.

‘ಪಿ’ ಎಲ್ಲಾ ಕಾರಿಗೂ ಇರಲ್ಲ

ಮೊದಲು ನಿಮ್ಮ ಕಾರು ಯಾವ ಜಾತಿ ಅಂತ ನೋಡಿಕೊಳ್ಳಿ. ಕ್ಲಚ್ ಪೆಡಲ್ ಇಲ್ಲದ ಕಾರನ್ನೆಲ್ಲ ನಮ್ಮಲ್ಲಿ ಒಟ್ಟಿಗೆ ಆಟೋಮ್ಯಾಟಿಕ್ ಅಂತಾರೆ. ಆದರೆ ಒಳಗಿನ ಯಂತ್ರ ಬೇರೆ ಬೇರೆ. ಟಾರ್ಕ್ ಕನ್ವರ್ಟರ್, ಸಿವಿಟಿ, ಡಿಸಿಟಿ ಎಂಬ ಮೂರು ಬಗೆಯ ಗೇರ್‌ಬಾಕ್ಸ್ ಇರೋ ಕಾರುಗಳಲ್ಲಿ ಸಾಮಾನ್ಯವಾಗಿ ಪಿ, ಆರ್, ಎನ್, ಡಿ ಅಂತ ನಾಲ್ಕು ಸ್ಥಾನ ಇರುತ್ತೆ. ಪಿ ಅಂದರೆ ಪಾರ್ಕ್, ಆರ್ ಅಂದರೆ ರಿವರ್ಸ್, ಎನ್ ಅಂದರೆ ನ್ಯೂಟ್ರಲ್, ಡಿ ಅಂದರೆ ಡ್ರೈವ್.

ಮಾರುತಿಯವರು ಎಜಿಎಸ್ ಅಂತ ಕರೆಯೋ, ಬೇರೆ ಕಂಪನಿಯವರು ಎಎಂಟಿ ಅನ್ನೋ ಕಾರುಗಳಲ್ಲಿ ಒಳಗಿರೋದು ಮಾಮೂಲಿ ಕ್ಲಚ್ ಗೇರ್‌ಬಾಕ್ಸೇ. ಕ್ಲಚ್ ಒತ್ತೋ ಕೆಲಸ, ಗೇರ್ ಬದಲಿಸೋ ಕೆಲಸವನ್ನು ಯಂತ್ರ ಮಾಡುತ್ತೆ, ಅಷ್ಟೇ ವ್ಯತ್ಯಾಸ. ವ್ಯಾಗನ್ ಆರ್, ಸ್ವಿಫ್ಟ್, ಟಿಯಾಗೊ ಎಎಂಟಿಗಳಲ್ಲಿ ‘ಪಿ’ ಅನ್ನೋ ಸ್ಥಾನವೇ ಇಲ್ಲ. ಹಾಗಂತ ಆ ಮಾಲೀಕರು ಈ ಬರಹ ಬಿಡೋ ಹಾಗೂ ಇಲ್ಲ. ಈ ಕಾರುಗಳಲ್ಲೂ ಬ್ರೇಕ್ ಒತ್ತದೆ ನ್ಯೂಟ್ರಲ್‌ನಿಂದ ಡ್ರೈವ್‌ಗೆ ಹೋಗೋಕೆ ಬಿಡಲ್ಲ. ಬ್ರೇಕ್ ಸ್ವಿಚ್ ಕೈಕೊಟ್ಟರೆ ಅವೂ ನಿಂತಲ್ಲೇ ನಿಲ್ಲುತ್ತವೆ.

ಒಂದು ಲಿವರ್, ಎರಡು ಬೀಗ

‘ಪಿ’ಗೆ ಹಾಕಿದಾಗ ಕಾರಿನಲ್ಲಿ ಎರಡು ಕಡೆ ಬೀಗ ಬೀಳುತ್ತೆ. ಇದನ್ನು ಬೇರೆ ಬೇರೆ ಮಾಡಿ ತಿಳಿದುಕೊಂಡರೆ ಅರ್ಧ ಸಮಸ್ಯೆ ಬಗೆಹರಿದ ಹಾಗೆ.

ಮೊದಲನೇದು ಗೇರ್‌ಬಾಕ್ಸ್ ಒಳಗಿನ ಚಿಲಕ. ಚಕ್ರಗಳಿಗೆ ಶಕ್ತಿ ಕೊಡೋ ಶಾಫ್ಟಿನ ಮೇಲೆ ಒಂದು ಹಲ್ಲುಚಕ್ರ ಇರುತ್ತೆ. ಪಕ್ಕದಲ್ಲಿ ಹೆಬ್ಬೆರಳಿನಂಥ ಒಂದು ಕಬ್ಬಿಣದ ತುಂಡು. ‘ಪಿ’ಗೆ ಹಾಕಿದಾಗ ಆ ತುಂಡು ಹೋಗಿ ಎರಡು ಹಲ್ಲಿನ ಮಧ್ಯೆ ಕೂತುಕೊಳ್ಳುತ್ತೆ. ಇದಕ್ಕೆ ಪಾರ್ಕಿಂಗ್ ಪಾಲ್ ಅಂತ ಹೆಸರು. ಇಡೀ ಕಾರನ್ನು ತಡೆದು ನಿಲ್ಲಿಸೋದು ಈ ಚಿಕ್ಕ ತುಂಡೇ. ಇದು ಬ್ರೇಕ್ ಅಲ್ಲ. ಬಾಗಿಲಿಗೆ ಅಗಳಿ ಇದ್ದ ಹಾಗೆ.

ಎರಡನೇದು ಲಿವರ್ ಬುಡದಲ್ಲಿರೋ ಬೀಗ, ಅಂದರೆ ಶಿಫ್ಟ್ ಲಾಕ್. ಅಲ್ಲಿ ಸೊಲೆನಾಯ್ಡ್ ಅನ್ನೋ ಒಂದು ಸಣ್ಣ ತಂತಿ ಸುರುಳಿ ಇರುತ್ತೆ. ಕರೆಂಟು ಬಂದಾಗ ಅದು ಒಂದು ಕಡ್ಡಿಯನ್ನು ಎಳೆದುಕೊಳ್ಳುತ್ತೆ, ಆಗ ಲಿವರ್ ಬಿಡುಗಡೆ. ಕರೆಂಟು ಇಲ್ಲಾಂದ್ರೆ ಕಡ್ಡಿ ಅಡ್ಡ ನಿಂತು ಲಿವರ್ ಹಿಡಿದುಕೊಳ್ಳುತ್ತೆ.

ಆ ಕರೆಂಟು ಯಾವಾಗ ಬರುತ್ತೆ? ಕೀ ಆನ್ ಆಗಿರಬೇಕು ಮತ್ತು ಬ್ರೇಕ್ ಒತ್ತಿರಬೇಕು. ಬ್ರೇಕ್ ಒತ್ತಿದ್ದಾರೆ ಅಂತ ಕಾರಿಗೆ ಹೇಳೋದು ಪೆಡಲ್ ಮೇಲಿನ ಸ್ವಿಚ್ಚು. ಹಿಂದಿನ ಬ್ರೇಕ್ ಲೈಟ್ ಹತ್ತಿಸೋದೂ ಅದೇ ಸ್ವಿಚ್ಚು. ಗೇರ್ ಸಿಕ್ಕಿಕೊಂಡಾಗ ಮೊದಲು ಕಾರಿನ ಹಿಂಭಾಗ ನೋಡಿ ಅನ್ನೋದು ಇದಕ್ಕೇ.

ಈ ಬೀಗ ಯಾಕೆ ಬಂತು?

“ಇಷ್ಟೆಲ್ಲ ರಗಳೆ ಯಾಕೆ, ಬೀಗವೇ ಬೇಡವಾಗಿತ್ತಲ್ಲ” ಅನ್ನಿಸಬಹುದು. ಅದಕ್ಕೆ ಹಿನ್ನೆಲೆ ಇದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಆಡಿ 5000 ಎಂಬ ಕಾರಿನ ಮೇಲೆ ದೂರಿನ ಮೇಲೆ ದೂರು ಬಂತು. ಪಾರ್ಕ್‌ನಿಂದ ಗೇರ್ ತೆಗೆದ ಕೂಡಲೇ ಕಾರು ತಾನಾಗೇ ನುಗ್ಗುತ್ತೆ, ಬ್ರೇಕ್ ಒತ್ತಿದರೂ ನಿಲ್ಲಲ್ಲ ಅಂತ ಜನ ಹೇಳಿದರು. ಅಪಘಾತಗಳಾದವು, ಸಾವೂ ಆಯಿತು. 1987ರ ಜನವರಿಯಲ್ಲಿ ಕಂಪನಿ ಸುಮಾರು ಎರಡೂವರೆ ಲಕ್ಷ ಕಾರುಗಳನ್ನು ವಾಪಸ್ ಕರೆಸಿ, ಬ್ರೇಕ್ ಒತ್ತದೆ ಪಾರ್ಕ್ ಬಿಡದ ಬೀಗ ಹಾಕಿಸಿತು.

ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ 1989ರಲ್ಲಿ ಕೊಟ್ಟ ವರದಿಯಲ್ಲಿ ಇಂಥ ಹೆಚ್ಚಿನ ಪ್ರಕರಣಗಳಿಗೆ ಕಾರಣ ಚಾಲಕರು ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತಿದ್ದು ಅಂತ ಬಂತು. ಅಂದರೆ ಕಾಲು ತಪ್ಪಿದರೆ ತಡೆಯೋಕೆ ಒಂದು ಬೀಗ ಬೇಕು ಅನ್ನೋದು ಗಟ್ಟಿಯಾಯಿತು. ನಿಲ್ಲಿಸಿದ ಕಾರಿನಲ್ಲಿ ಆಟವಾಡೋ ಮಕ್ಕಳು ಗೇರ್ ಎಳೆದು ಕಾರು ಉರುಳಿ ಹೋದ ದುರಂತಗಳೂ ಇದ್ದವು. ಆ ಕಾರಣಕ್ಕೇ ಅಲ್ಲಿ 2010ರ ಸೆಪ್ಟೆಂಬರ್ 1ರ ನಂತರ ತಯಾರಾದ ‘ಪಾರ್ಕ್’ ಇರೋ ಕಾರುಗಳಿಗೆಲ್ಲ ಈ ಬೀಗ ಕಡ್ಡಾಯ ಆಯಿತು. ಇವತ್ತು ನಮ್ಮ ರಸ್ತೆಯ ಕಾರುಗಳಲ್ಲಿರೋದೂ ಅದೇ ವ್ಯವಸ್ಥೆ. ಕಾರಿನಲ್ಲಿ ಕೂತ ಮಗು ಲಿವರ್ ಎಳೆದರೂ ಗಾಡಿ ಕದಲದ ಹಾಗೆ ಕಾಯೋದು ಈ ಸಣ್ಣ ಕಡ್ಡಿ. ಅದನ್ನು ಶಾಶ್ವತವಾಗಿ ಕಿತ್ತು ಹಾಕಿಸೋ ಯೋಚನೆ ಯಾರೂ ಮಾಡಬಾರದು.

ಕೈ ಹಾಕೋ ಮೊದಲು

ಹ್ಯಾಂಡ್ ಬ್ರೇಕ್ ಪೂರ್ತಿ ಎಳೆಯಿರಿ. ಇಳಿಜಾರಿದ್ದರೆ ಚಕ್ರಕ್ಕೆ ಕಲ್ಲು ಕೊಡಿ. ಕಾರಿನ ಮುಂದೆ, ಹಿಂದೆ ಯಾರೂ ನಿಲ್ಲದ ಹಾಗೆ ನೋಡಿಕೊಳ್ಳಿ. ಸಹಾಯಕ್ಕೆ ಬರೋ ಜನ ಸಾಮಾನ್ಯವಾಗಿ ಬಂದು ನಿಲ್ಲೋದೇ ಬಂಪರ್ ಎದುರಿಗೆ.

ಇನ್ನೊಂದು ಮಾತು. ಲಿವರನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಬೇಡಿ. ಒಳಗಿನ ಪ್ಲಾಸ್ಟಿಕ್ ಭಾಗ ಮುರಿದರೆ ಹತ್ತಿಪ್ಪತ್ತು ರೂಪಾಯಿಯ ರಿಪೇರಿ ಸಾವಿರಾರು ರೂಪಾಯಿಗೆ ಹೋಗುತ್ತೆ.

ಮೊದಲ ಎರಡು ನಿಮಿಷದಲ್ಲಿ ನೋಡಬೇಕಾದ್ದು

ಕೀ ಪೂರ್ತಿ ಆನ್ ಆಗಿದೆಯಾ ನೋಡಿ. ಹಾಡು ಕೇಳೋ ಸ್ಥಾನದಲ್ಲಿ ಕೀ ಇದ್ದರೆ ಬಹಳ ಕಾರುಗಳಲ್ಲಿ ಬೀಗ ಬಿಡಲ್ಲ.

ಬ್ರೇಕ್ ಪೆಡಲ್ ಪೂರ್ತಿ ಕೆಳಗೆ ಹೋಗ್ತಿದೆಯಾ ನೋಡಿ. ಮಡಚಿಕೊಂಡ ಮ್ಯಾಟು, ಉರುಳಿ ಬಂದ ನೀರಿನ ಬಾಟಲಿ ಪೆಡಲ್ ಕೆಳಗೆ ಸಿಕ್ಕಿರಬಹುದು. ಎಂಜಿನ್ ಆಫ್ ಇದ್ದಾಗ ಎರಡು ಮೂರು ಸಲ ಬ್ರೇಕ್ ಒತ್ತಿದರೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತೆ, ಪೂರ್ತಿ ಇಳಿಯಲ್ಲ. ಆಗ ಜೋರಾಗಿ ಒತ್ತಿ ಹಿಡಿಯಬೇಕು.

ಲಿವರ್ ಪಕ್ಕದ ಬಟನ್ ಒಳಗೆ ಹೋಗ್ತಿದೆಯಾ ನೋಡಿ. ಬ್ರೇಕ್ ಒತ್ತಿದ ಮೇಲೆ ಬಟನ್ ಒತ್ತಬೇಕು, ಆಮೇಲೆ ಲಿವರ್ ಎಳೆಯಬೇಕು. ಗಡಿಬಿಡಿಯಲ್ಲಿ ಲಿವರ್ ಎಳೆದು ಹಿಡಿದುಕೊಂಡೇ ಬ್ರೇಕ್ ಒತ್ತಿದರೆ ಆ ಬಿಗಿತಕ್ಕೇ ಕಡ್ಡಿ ಸಿಕ್ಕಿಕೊಂಡು ಬೀಗ ಬಿಡದೆ ಇರಬಹುದು. ಕೈ ಸಡಿಲ ಬಿಟ್ಟು ಮತ್ತೆ ಮೊದಲಿನಿಂದ ಮಾಡಿ.

ಇಷ್ಟಕ್ಕೂ ಬಗ್ಗಲಿಲ್ಲ ಅಂದರೆ ಈಗ ಹಿಂದೆ ನೋಡೋ ಸಮಯ.

ಬ್ರೇಕ್ ಲೈಟ್ ಹತ್ತಲ್ವಾ? ಕಾರಣ ಅರ್ಧ ಸಿಕ್ಕಿತು

ಪಕ್ಕದ ಅಂಗಡಿಯವರನ್ನು ಕರೆದು ಕಾರಿನ ಓರೆಯಲ್ಲಿ ನಿಲ್ಲಿಸಿ, ಬ್ರೇಕ್ ಒತ್ತಿ, “ಲೈಟ್ ಹತ್ತುತ್ತಾ?” ಅಂತ ಕೇಳಿ. ಯಾರೂ ಇಲ್ಲಾಂದ್ರೆ ಮೊಬೈಲಲ್ಲಿ ವಿಡಿಯೋ ಆನ್ ಮಾಡಿ ಹಿಂದೆ ಒಂದು ಕಲ್ಲಿಗೆ ಒರಗಿಸಿಟ್ಟು ಬಂದು ಬ್ರೇಕ್ ಒತ್ತಿ, ಆಮೇಲೆ ನೋಡಿ. ರಾತ್ರಿಯಾದರೆ ಹಿಂದಿನ ಗೋಡೆ ಅಥವಾ ಶಟರ್ ಮೇಲೆ ಕೆಂಪು ಬೆಳಕು ಬೀಳೋದು ಕನ್ನಡಿಯಲ್ಲೇ ಕಾಣುತ್ತೆ.

ಎಡಗಡೆ, ಬಲಗಡೆ, ಮೇಲಿನದು, ಮೂರೂ ಲೈಟ್ ಒಟ್ಟಿಗೆ ಹತ್ತಲಿಲ್ಲ ಅಂದರೆ ಬಲ್ಬ್ ಹೋಗಿರೋ ಸಾಧ್ಯತೆ ಕಡಿಮೆ. ಮೂರು ಬಲ್ಬ್ ಒಂದೇ ದಿನ ಹೋಗಲ್ಲ. ಫ್ಯೂಸ್ ಇಲ್ಲವೇ ಸ್ವಿಚ್ ಹೋಗಿದೆ ಅಂತ ಲೆಕ್ಕ.

ಪುಶ್ ಬಟನ್ ಸ್ಟಾರ್ಟ್ ಇರೋ ಕಾರಿನಲ್ಲಿ ಇನ್ನೊಂದು ಸುಳಿವು ಸಿಗುತ್ತೆ. ಬ್ರೇಕ್ ಒತ್ತಿ ಬಟನ್ ಒತ್ತಿದರೂ ಎಂಜಿನ್ ಸ್ಟಾರ್ಟ್ ಆಗದೆ, ಡ್ಯಾಶ್‌ಬೋರ್ಡ್ ದೀಪ ಮಾತ್ರ ಹತ್ತಿ ಸುಮ್ಮನಾದರೆ ಬ್ರೇಕ್ ಒತ್ತಿದ್ದು ಕಾರಿಗೆ ಗೊತ್ತಾಗ್ತಿಲ್ಲ ಅಂತ ಅರ್ಥ. ಇಂಥ ಹೊತ್ತಿಗೆ ಸ್ಟಾರ್ಟ್ ಬಟನ್ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿದರೆ ಎಂಜಿನ್ ಸ್ಟಾರ್ಟ್ ಆಗೋ ತುರ್ತು ವ್ಯವಸ್ಥೆ ಕೆಲವು ಕಂಪನಿಗಳ ಕಾರುಗಳಲ್ಲಿದೆ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಅದರ ವಿವರ ಇರುತ್ತೆ.

ಫ್ಯೂಸ್ ನೋಡೋದು ಹೇಗೆ?

ಹೆಚ್ಚಿನ ಕಾರುಗಳಲ್ಲಿ ಒಂದು ಫ್ಯೂಸ್ ಬಾಕ್ಸ್ ಡ್ರೈವರ್ ಮೊಣಕಾಲಿನ ಹತ್ತಿರ ಡ್ಯಾಶ್‌ಬೋರ್ಡ್ ಕೆಳಗೆ, ಇನ್ನೊಂದು ಬಾನೆಟ್ ಕೆಳಗೆ ಬ್ಯಾಟರಿ ಹತ್ತಿರ ಇರುತ್ತೆ. ಮುಚ್ಚಳದ ಒಳಗಡೆ ಯಾವ ಫ್ಯೂಸ್ ಯಾವುದಕ್ಕೆ ಅಂತ ಪಟ್ಟಿ ಅಂಟಿಸಿರುತ್ತಾರೆ. ಅದರಲ್ಲಿ ‘ಸ್ಟಾಪ್’ ಅಂತ ಇಂಗ್ಲಿಷಿನಲ್ಲಿ ಬರೆದಿರೋದನ್ನು ಹುಡುಕಿ. ಕೆಲವು ಕಾರುಗಳಲ್ಲಿ ಶಿಫ್ಟ್ ಲಾಕ್‌ಗೆ ಬೇರೆಯದೇ ಫ್ಯೂಸ್ ಇರುತ್ತೆ. ಅದನ್ನೂ ನೋಡಿ.

ಕೀ ಆಫ್ ಮಾಡಿ. ಬಾಕ್ಸ್ ಒಳಗೇ ಸಿಕ್ಕಿಸಿರೋ ಚಿಕ್ಕ ಪ್ಲಾಸ್ಟಿಕ್ ಚಿಮಟದಿಂದ ಫ್ಯೂಸ್ ಕಿತ್ತು ಬೆಳಕಿಗೆ ಹಿಡಿಯಿರಿ. ಒಳಗಿನ ತಂತಿ ತುಂಡಾಗಿದ್ದರೆ ಸುಟ್ಟಿದೆ. ಹೊಸದು ಹಾಕುವಾಗ ಅಷ್ಟೇ ಆಂಪಿಯರ್‌ನದ್ದು ಹಾಕಬೇಕು. ಬಣ್ಣ ನೋಡಿದರೂ ಗೊತ್ತಾಗುತ್ತೆ: ಕಂದು 7.5, ಕೆಂಪು 10, ನೀಲಿ 15, ಹಳದಿ 20, ಹಸಿರು 30.

ಕೆಂಪು ಸಿಗಲಿಲ್ಲ ಅಂತ ಹಳದಿ ಹಾಕೋದು, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತೋದು, ತಂತಿ ಸಿಕ್ಕಿಸೋದು ಬೇಡವೇ ಬೇಡ. ಫ್ಯೂಸ್ ಸುಡೋದು ವೈರ್ ಸುಡದಿರಲಿ ಅಂತ. ದೊಡ್ಡ ಫ್ಯೂಸ್ ಹಾಕಿದರೆ ಒಳಗೆ ವೈರೇ ಸುಟ್ಟು ಬೆಂಕಿ ಹತ್ತಬಹುದು.

ಹೊಸ ಫ್ಯೂಸೂ ತಕ್ಷಣ ಸುಟ್ಟರೆ ಎಲ್ಲೋ ಶಾರ್ಟ್ ಆಗ್ತಿದೆ. ಹೊರಗಿನಿಂದ ಹಾಕಿಸಿದ ಮಿಣಮಿಣ ಎಲ್‌ಇಡಿ ಬ್ರೇಕ್ ಲೈಟ್ ಇದ್ದರೆ ಮೊದಲು ಅದರ ಜಾಯಿಂಟ್ ನೋಡಿಸಿ. ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ಅನುಮಾನ ಇಲಿ. ಬೆಚ್ಚಗಿರುತ್ತೆ ಅಂತ ಕಾರಿನೊಳಗೆ ಸೇರಿಕೊಳ್ಳೋ ಇಲಿ ವೈರ್ ಕಡಿಯೋದು ಇಲ್ಲಿ ಹೊಸದೇನಲ್ಲ.

ಫ್ಯೂಸ್ ಸರಿ ಇದೆ, ಲೈಟ್ ಇಲ್ಲ ಅಂದರೆ ಸ್ವಿಚ್ಚು

ಬ್ರೇಕ್ ಪೆಡಲ್ ಸರಳು ಮೇಲಕ್ಕೆ ಹೋಗಿ ಸೇರೋ ಜಾಗದಲ್ಲಿ ಎರಡು ಅಥವಾ ನಾಲ್ಕು ವೈರ್ ಇರೋ ಒಂದು ಚಿಕ್ಕ ಸ್ವಿಚ್ ಕಾಣುತ್ತೆ. ಟಾರ್ಚ್ ಹಾಕಿ ನೋಡಬೇಕು. ಕೆಲವು ಸಲ ಸ್ವಿಚ್ ಸರಿ ಇದ್ದು, ಅದರ ಪ್ಲಗ್ ಸಡಿಲ ಆಗಿರುತ್ತೆ. ಒತ್ತಿ ಕೂರಿಸಿದರೆ ಸಾಕು. ಸ್ವಿಚ್ಚೇ ಹೋಗಿದ್ದರೆ ಬದಲಾಯಿಸೋದು ಅನುಭವ ಇರೋ ಮೆಕ್ಯಾನಿಕ್‌ಗೆ ಸ್ವಲ್ಪ ಹೊತ್ತಿನ ಕೆಲಸ. ಆದರೆ ಹೊಸದನ್ನು ಸರಿಯಾದ ಅಂತರಕ್ಕೆ ಕೂರಿಸಬೇಕು. ತುಂಬ ಹತ್ತಿರ ಕೂತರೂ, ತುಂಬ ದೂರ ಕೂತರೂ ಲೈಟ್ ಸರಿಯಾಗಿ ಕೆಲಸ ಮಾಡಲ್ಲ.

ಈ ಸ್ವಿಚ್ ಹಾಳಾಗೋಕೆ ವಿಚಿತ್ರ ಕಾರಣಗಳೂ ಇವೆ. 2019ರಲ್ಲಿ ಜಪಾನಿನ ಸುಬಾರು ಕಂಪನಿ ಜಗತ್ತಿನಾದ್ಯಂತ 20 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಸಿತು. ಕಾರಣ, ಕಾರು ತೊಳೆಯೋ, ಹೊಳಪು ಕೊಡೋ ಕೆಲವು ವಸ್ತುಗಳಿಂದ ಬರೋ ಸಿಲಿಕೋನ್ ಆವಿ ಬ್ರೇಕ್ ಲೈಟ್ ಸ್ವಿಚ್ಚಿನೊಳಗೆ ಸೇರಿ ಕರೆಂಟು ಹರಿಯದ ಹಾಗೆ ಮಾಡ್ತಿತ್ತು. ಸುಬಾರು ನಮ್ಮಲ್ಲಿ ಮಾರಾಟಕ್ಕಿಲ್ಲ. ಆದರೂ ಪಾಠ ಎಲ್ಲರಿಗೂ ಅನ್ವಯ ಆಗುತ್ತೆ. ಡ್ಯಾಶ್‌ಬೋರ್ಡ್ ಪಾಲಿಶ್ ಸ್ಪ್ರೇಯನ್ನು ಪೆಡಲ್ ಹತ್ತಿರ, ಗೇರ್ ಬುಡದ ಹತ್ತಿರ ನೇರವಾಗಿ ಹೊಡೀಬೇಡಿ. ಬಟ್ಟೆಗೆ ಹಾಕಿಕೊಂಡು ಒರೆಸಿ.

ಇದರ ಉಲ್ಟಾ ಸಮಸ್ಯೆಯೂ ಇದೆ. ಕೆಲವು ಹಳೆ ಕಾರುಗಳಲ್ಲಿ ಸ್ವಿಚ್ಚಿಗೆ ತಾಗೋ ಚಿಕ್ಕ ಪ್ಲಾಸ್ಟಿಕ್ ಬಿಲ್ಲೆ ಒಣಗಿ ಪುಡಿಯಾಗಿ ಬಿದ್ದುಹೋಗುತ್ತೆ. ಆಗ ಬ್ರೇಕ್ ಲೈಟ್ ಆರೋದೇ ಇಲ್ಲ. ರಾತ್ರಿಯೆಲ್ಲ ಉರಿದು ಬೆಳಗ್ಗೆ ಬ್ಯಾಟರಿ ಖಾಲಿ. ಅಷ್ಟೇ ಅಲ್ಲ, ಬ್ರೇಕ್ ಒತ್ತಿದ್ದಾರೆ ಅಂತಲೇ ಕಾರು ತಿಳಿದುಕೊಳ್ಳೋದರಿಂದ ಕೀ ಆನ್ ಇದ್ದರೆ ಸಾಕು, ಬ್ರೇಕ್ ಮುಟ್ಟದೆಯೂ ಗೇರ್ ಬಿಡುತ್ತೆ. ಮಕ್ಕಳಿರೋ ಮನೆಯಲ್ಲಿ ಇದು ಸಿಕ್ಕಿಕೊಂಡ ಗೇರಿಗಿಂತ ದೊಡ್ಡ ಅಪಾಯ. ಕಾರಿನ ಮ್ಯಾಟ್ ಮೇಲೆ ಪ್ಲಾಸ್ಟಿಕ್ ಚೂರು ಬಿದ್ದಿರೋದು ಕಂಡರೆ ಕಸ ಅಂತ ಗುಡಿಸಿ ಬಿಡಬೇಡಿ.

ಬ್ರೇಕ್ ಲೈಟ್ ಹತ್ತುತ್ತೆ, ಆದರೂ ಗೇರ್ ಬರಲ್ಲ

ಎಂಜಿನ್ ಆಫ್ ಮಾಡಿ, ಕೀ ಆನ್ ಇಟ್ಟು, ಹಾಡು, ಫ್ಯಾನ್ ಎಲ್ಲ ನಿಲ್ಲಿಸಿ ಬ್ರೇಕ್ ಒತ್ತಿ. ಲಿವರ್ ಬುಡದಿಂದ ‘ಟಕ್’ ಅಂತ ಸಣ್ಣ ಸದ್ದು ಬರಬೇಕು. ಅದು ಸೊಲೆನಾಯ್ಡ್ ಕಡ್ಡಿ ಎಳೆದುಕೊಳ್ಳೋ ಸದ್ದು.

ಸದ್ದೇ ಇಲ್ಲಾಂದ್ರೆ ಸೊಲೆನಾಯ್ಡ್, ಅದರ ಫ್ಯೂಸ್, ವೈರ್ ನೋಡಬೇಕು. ಕೆಲವು ಕಾರುಗಳ ಬ್ರೇಕ್ ಸ್ವಿಚ್ಚಿನಲ್ಲಿ ಎರಡು ಸರ್ಕ್ಯೂಟ್ ಇರುತ್ತೆ. ಒಂದು ಲೈಟಿಗೆ, ಇನ್ನೊಂದು ಕಂಪ್ಯೂಟರಿಗೆ. ಲೈಟಿನದ್ದು ಸರಿ ಇದ್ದು ಇನ್ನೊಂದು ಹೋಗಿರಬಹುದು. ಇದು ಸ್ಕ್ಯಾನರ್ ಹಾಕಿದರೆ ಗೊತ್ತಾಗುತ್ತೆ.

‘ಟಕ್’ ಅಂತ ಬರುತ್ತೆ, ಆದರೂ ಲಿವರ್ ಬರಲ್ಲ ಅಂದರೆ ಬುಡದಲ್ಲಿ ಏನಾದರೂ ಸಿಕ್ಕಿದೆಯಾ ನೋಡಿ. ನಾಣ್ಯ, ಪೆನ್ನಿನ ಕ್ಯಾಪ್, ಮಕ್ಕಳು ತಿಂದ ಬಿಸ್ಕತ್ತಿನ ಚೂರು ಎಲ್ಲ ಸೇರೋದು ಅಲ್ಲೇ. ಸಕ್ಕರೆ ಹಾಕಿದ ಕಾಫಿ, ಜ್ಯೂಸ್ ಚೆಲ್ಲಿದ್ದರೆ ಒಳಗೆ ಅಂಟಾಗಿ ಬಟನ್ ವಾಪಸ್ ಬರಲ್ಲ, ಕಡ್ಡಿಯೂ ಸರಿಯಲ್ಲ. ಅದಕ್ಕೆ ಮೇಲಿಂದ ಎಣ್ಣೆ ಸುರಿಯೋದು ಪರಿಹಾರ ಅಲ್ಲ. ಕವರ್ ಬಿಚ್ಚಿಸಿ ಒರೆಸಿ ಸ್ವಚ್ಛ ಮಾಡಿಸಬೇಕು.

ಬ್ಯಾಟರಿ ವೀಕ್ ಇದ್ದರೂ ಕಡ್ಡಿ ಎಳೆಯೋ ಶಕ್ತಿ ಇರಲ್ಲ. ಡ್ಯಾಶ್‌ಬೋರ್ಡ್ ದೀಪ ಮಂಕಾಗಿದ್ದರೆ, ಹಾರ್ನ್ ಗೊಗ್ಗರು ದನಿಯಲ್ಲಿ ಬಂದರೆ ಮೊದಲು ಬೇರೆ ಬ್ಯಾಟರಿಯಿಂದ ಕೇಬಲ್ ಹಾಕಿ. ಇಲ್ಲಿ ಒಂದು ನೆನಪಿರಲಿ. ಕ್ಲಚ್ ಗಾಡಿಯ ಹಾಗೆ ನಾಲ್ಕು ಜನ ಸೇರಿ ತಳ್ಳಿ ಆಟೋಮ್ಯಾಟಿಕ್ ಕಾರನ್ನು ಸ್ಟಾರ್ಟ್ ಮಾಡೋಕೆ ಆಗಲ್ಲ.

ಇಳಿಜಾರಲ್ಲಿ ನಿಲ್ಲಿಸಿದ್ದರೆ ಕಥೆ ಬೇರೆ

ಮೂಡಿಗೆರೆ, ಕಳಸ, ಕೊಪ್ಪ ಕಡೆಯ ರಸ್ತೆಗಳಲ್ಲಿ ಸಮತಟ್ಟು ಜಾಗ ಹುಡುಕೋದೇ ಕಷ್ಟ. ಇಳಿಜಾರಲ್ಲಿ ಹ್ಯಾಂಡ್ ಬ್ರೇಕ್ ಹಾಕದೆ ಬರೀ ‘ಪಿ’ಗೆ ಹಾಕಿ ಕಾಲು ತೆಗೆದರೆ, ಒಂದು ಸಾವಿರ ಕಿಲೋಗೂ ಹೆಚ್ಚಿನ ಕಾರಿನ ಭಾರ ಪೂರ್ತಿ ಗೇರ್‌ಬಾಕ್ಸ್ ಒಳಗಿನ ಆ ಚಿಲಕದ ಮೇಲೆ ಬಂದು ಕೂರುತ್ತೆ. ಬಾಗಿಲಿಗೆ ಯಾರೋ ಒರಗಿ ನಿಂತಾಗ ಅಗಳಿ ತೆಗೆಯೋಕೆ ಹೋದ ಹಾಗೆ ಆಗುತ್ತೆ. ಇಲ್ಲಿ ಕೆಟ್ಟಿರೋದು ಏನೂ ಇಲ್ಲ, ಭಾರ ಕೂತಿದೆ ಅಷ್ಟೇ.

ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಗಟ್ಟಿಯಾಗಿ ಒತ್ತಿ, ಲಿವರನ್ನು ಜರ್ಕ್ ಕೊಡದೆ ಒಂದೇ ಸಮ ಎಳೆಯಿರಿ. ‘ಧಡ್’ ಅಂತ ಸದ್ದಾಗಿ ಬರಬಹುದು. ಬರಲಿಲ್ಲ ಅಂದರೆ ಕಾರನ್ನು ಏರಿನ ಕಡೆಗೆ ಒಂದೆರಡು ಇಂಚು ಸರಿಸಿ ಭಾರ ಇಳಿಸಬೇಕು. ಇದಕ್ಕೆ ಇಳಿಜಾರಿನ ಕೆಳಗಡೆ ಜನ ನಿಂತು ತಳ್ಳೋದು ಅಪಾಯ. ಗೇರ್ ಬಿಟ್ಟ ಕ್ಷಣ ಕಾರು ಅವರ ಮೇಲೇ ಬರುತ್ತೆ. ಏರಿನ ಕಡೆಯಿಂದ ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ ನಿಧಾನ ಎಳೆಸಬೇಕು. ಕೆಳಗಡೆ ಯಾರೂ ಇರಬಾರದು. ಡ್ರೈವರ್ ಸೀಟಲ್ಲಿ ಬ್ರೇಕ್ ಮೇಲೆ ಕಾಲಿಟ್ಟು ಒಬ್ಬರು ಕೂತಿರಲೇಬೇಕು.

ಇದು ಬರದ ಹಾಗೆ ನೋಡಿಕೊಳ್ಳೋದು ಸುಲಭ. ಕಾರು ನಿಲ್ಲಿಸಿದಾಗ ಬ್ರೇಕ್ ಒತ್ತಿಕೊಂಡೇ ಮೊದಲು ‘ಎನ್’ಗೆ ಹಾಕಿ. ಹ್ಯಾಂಡ್ ಬ್ರೇಕ್ ಎಳೆಯಿರಿ. ಬ್ರೇಕಿನಿಂದ ಕಾಲು ನಿಧಾನ ಎತ್ತಿ, ಭಾರ ಹ್ಯಾಂಡ್ ಬ್ರೇಕ್ ಮೇಲೆ ಕೂರಲಿ. ಮತ್ತೆ ಬ್ರೇಕ್ ಒತ್ತಿ ‘ಪಿ’ಗೆ ಹಾಕಿ. ಹೊರಡುವಾಗ ಬ್ರೇಕ್ ಒತ್ತಿ ಮೊದಲು ‘ಪಿ’ ಬಿಡಿಸಿ, ಆಮೇಲೆ ಹ್ಯಾಂಡ್ ಬ್ರೇಕ್ ಇಳಿಸಿ. ಐದು ಸೆಕೆಂಡ್ ಜಾಸ್ತಿ ಹಿಡಿಯುತ್ತೆ, ಗೇರ್‌ಬಾಕ್ಸ್ ಬಾಳಿಕೆ ಬರುತ್ತೆ.

ತುರ್ತಿಗೆ ಒಂದು ಕಿಂಡಿ

ಕಾರು ರಸ್ತೆ ಮಧ್ಯೆಯೇ ನಿಂತಿದೆ, ಪಕ್ಕಕ್ಕೆ ಸರಿಸಲೇಬೇಕು ಅಂತ ಇಟ್ಟುಕೊಳ್ಳಿ. ಲಿವರ್ ಇರೋ ಬಹಳಷ್ಟು ಕಾರುಗಳಲ್ಲಿ ಅದರ ಪಕ್ಕದಲ್ಲೇ ಉಗುರಿನಷ್ಟು ದೊಡ್ಡ ಮುಚ್ಚಳ ಇರುತ್ತೆ. ಕೆಲವದರ ಮೇಲೆ ‘ಶಿಫ್ಟ್ ಲಾಕ್’ ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತೆ. ಕೆಲವು ಕಾರುಗಳಲ್ಲಿ ಸುತ್ತಲಿನ ಪಟ್ಟಿ ಬಿಚ್ಚಬೇಕು. ನಿಮ್ಮ ಕಾರಿನ ಪುಸ್ತಕದಲ್ಲಿ ಚಿತ್ರ ಸಮೇತ ಇರುತ್ತೆ.

ಮಾಡೋ ಕ್ರಮ ಹೀಗಿದೆ. ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಹ್ಯಾಂಡ್ ಬ್ರೇಕ್ ಬದಲು ಸ್ವಿಚ್ ಇರೋ ಎಲೆಕ್ಟ್ರಾನಿಕ್ ಬ್ರೇಕ್ ಆದರೆ ಬ್ಯಾಟರಿ ಸತ್ತಾಗ ಅದು ಹಿಡಿಯಲ್ಲ, ಕಲ್ಲೇ ಗತಿ. ಎಂಜಿನ್ ಆಫ್ ಇರಲಿ, ಕೀ ಆನ್ ಇರಲಿ. ಸ್ಕ್ರೂಡ್ರೈವರ್ ತುದಿಗೆ ಬಟ್ಟೆ ಸುತ್ತಿ ಮುಚ್ಚಳ ಎಬ್ಬಿಸಿ. ಬ್ರೇಕ್ ಗಟ್ಟಿಯಾಗಿ ಒತ್ತಿಕೊಳ್ಳಿ. ಕಿಂಡಿಯೊಳಗೆ ಕೀ ಅಥವಾ ಸ್ಕ್ರೂಡ್ರೈವರ್ ತೂರಿಸಿ ಒತ್ತಿ ಹಿಡಿದು, ಲಿವರಿನ ಬಟನ್ ಒತ್ತಿ ‘ಎನ್’ಗೆ ತನ್ನಿ. ಈಗ ಕಾರು ತಳ್ಳಿದರೆ ಹೋಗುತ್ತೆ. ಬೀಗ ಬಿಟ್ಟಿರೋದರಿಂದ ಇಳಿಜಾರಲ್ಲಿ ತಾನಾಗೇ ಹೋಗುತ್ತೆ ಅನ್ನೋದೂ ನೆನಪಿರಲಿ.

ಗುಂಡು ತಿರುಗಿಸೋ, ಬಟನ್ ಒತ್ತೋ ಎಲೆಕ್ಟ್ರಾನಿಕ್ ಗೇರ್ ಇರೋ ದುಬಾರಿ ಕಾರುಗಳಲ್ಲಿ ಇಂಥ ಕಿಂಡಿ ಸಾಮಾನ್ಯವಾಗಿ ಇರಲ್ಲ. ಅಲ್ಲಿ ಬ್ಯಾಟರಿ ನೋಡಿ, ಬಗ್ಗಲಿಲ್ಲ ಅಂದರೆ ಕಂಪನಿಯ ಸಹಾಯವಾಣಿಗೆ ಫೋನ್ ಮಾಡೋದೇ ದಾರಿ.

ಬಿಟ್ಟಿತು ಅಂತ ಹೊರಡಬೇಡಿ

ಎಡವೋದು ಇಲ್ಲೇ. ಕಿಂಡಿ ಒತ್ತಿದ ಕೂಡಲೇ ಗೇರ್ ಬಂತು, ಕಾರು ಓಡ್ತಿದೆ, ರಿಪೇರಿ ನಾಳೆ ನೋಡೋಣ ಅಂತ ಜನ ಹೊರಟುಬಿಡ್ತಾರೆ. ಆದರೆ ಬ್ರೇಕ್ ಲೈಟ್ ಇನ್ನೂ ಸತ್ತೇ ಇರುತ್ತೆ. ಚಾರ್ಮಾಡಿ ಘಾಟಿಯ ಮಂಜಿನಲ್ಲಿ, ಮಳೆಯಲ್ಲಿ, ತಿರುವಿನಲ್ಲಿ ಹಿಂದೆ ಬರೋರಿಗೆ ಮುಂದಿನ ಗಾಡಿಯ ಆ ಕೆಂಪು ಬೆಳಕೇ ದಾರಿ ತೋರಿಸೋದು. ಅದು ಇಲ್ಲದ ಕಾರು ಘಾಟಿ ಇಳಿಯೋದು ಹಿಂದಿನವರಿಗೂ ಅಪಾಯ, ನಿಮಗೂ ಅಪಾಯ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರವೂ ಬ್ರೇಕ್ ಲೈಟ್ ಇರಲೇಬೇಕು.

ಗ್ಯಾರೇಜ್ ಹತ್ತಿರವೇ ಇದ್ದರೆ ಹಗಲಲ್ಲಿ, ನಿಧಾನವಾಗಿ, ಹಿಂದೆ ಒಂದು ಗಾಡಿ ಕಾವಲಿಗೆ ಇಟ್ಟುಕೊಂಡು ಹೋಗಬಹುದು. ಕತ್ತಲಾಗಿದ್ದರೆ, ಘಾಟಿ ಇದ್ದರೆ, ದೂರ ಇದ್ದರೆ ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ಮೆಕ್ಯಾನಿಕ್‌ನ ಕರೆಸಿ.

ಕಾರು ಸಾಗಿಸಲೇಬೇಕಾದರೆ ಪೂರ್ತಿ ಮೇಲೆ ಹೊತ್ತೊಯ್ಯೋ ಫ್ಲ್ಯಾಟ್‌ಬೆಡ್ ಲಾರಿಯೇ ಒಳ್ಳೇದು. ‘ಪಿ’ಯಲ್ಲಿರೋ ಕಾರನ್ನು ಹಗ್ಗ ಕಟ್ಟಿ ಎಳೆದರೆ ಚಿಲಕವೇ ಮುರಿಯಬಹುದು. ‘ಎನ್’ನಲ್ಲಿಟ್ಟು ದೂರ ಎಳೆದರೂ ತೊಂದರೆ. ಬಹಳಷ್ಟು ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗಳಲ್ಲಿ ಆಯಿಲ್ ಪಂಪ್ ತಿರುಗೋದು ಎಂಜಿನ್ ಓಡಿದಾಗ ಮಾತ್ರ. ಎಂಜಿನ್ ನಿಂತು ಚಕ್ರ ಮಾತ್ರ ತಿರುಗಿದರೆ ಒಳಗೆ ಆಯಿಲ್ ಸಿಗದೆ ಬಿಸಿಯಾಗಿ ಸವೆಯುತ್ತೆ. ಮುಂದಿನ ಚಕ್ರ ಎತ್ತಿ ಎಳೆಯೋದು ಮುಂದಿನ ಚಕ್ರಕ್ಕೆ ಶಕ್ತಿ ಹೋಗೋ ಕಾರಿಗೆ ಸರಿ. ಇನೋವಾ ಕ್ರಿಸ್ಟಾದಂಥ ಹಿಂದಿನ ಚಕ್ರದ ಗಾಡಿಗೆ ಅದೂ ತಪ್ಪು.

ಗ್ಯಾರೇಜಿನಲ್ಲಿ ಕೇಳಬೇಕಾದ ಮೂರು ಮಾತು

ಗೇರ್‌ಬಾಕ್ಸ್ ಇಳಿಸಬೇಕು ಅಂತ ಹೇಳಿದರೆ ಮೊದಲು ಇಷ್ಟು ಕೇಳಿ. “ಅಣ್ಣ, ಬ್ರೇಕ್ ಲೈಟ್ ಹತ್ತುತ್ತಾ ನೋಡಿದ್ರಾ?” “ಸ್ಟಾಪ್ ಫ್ಯೂಸು, ಪೆಡಲ್ ಸ್ವಿಚ್ಚು ಚೆಕ್ ಮಾಡಿದ್ರಾ?” “ಶಿಫ್ಟ್ ಲಾಕ್ ಕಿಂಡಿ ಒತ್ತಿದರೆ ಗೇರ್ ಬರುತ್ತಾ?” ಕಿಂಡಿ ಒತ್ತಿದಾಗ ಗೇರ್ ಸಲೀಸಾಗಿ ಬಂದು, ಕಾರು ಹಿಂದೆ ಮುಂದೆ ಸರಿಯಾಗಿ ಹೋದರೆ ಗೇರ್‌ಬಾಕ್ಸ್ ಮೇಲೆ ಅನುಮಾನ ಪಡೋ ಅಗತ್ಯ ಇಲ್ಲ. ತೊಂದರೆ ಬೀಗದ ಕರೆಂಟಿನಲ್ಲಿದೆ. ಕಿಂಡಿ ಒತ್ತಿದರೂ, ಸಮತಟ್ಟು ಜಾಗದಲ್ಲಿದ್ದರೂ ಗೇರ್ ಬರದಿದ್ದರೆ ಮಾತ್ರ ಲಿವರಿನಿಂದ ಗೇರ್‌ಬಾಕ್ಸ್‌ಗೆ ಹೋಗೋ ಕೇಬಲ್, ಅದಾದ ಮೇಲೆ ಗೇರ್‌ಬಾಕ್ಸ್ ಒಳಗಿನ ಮಾತು.

ರಿಪೇರಿ ಆದ ಮೇಲೆ ಎರಡು ಪರೀಕ್ಷೆ ಅಲ್ಲೇ ಮಾಡಿಸಿ. ಬ್ರೇಕ್ ಒತ್ತಿದಾಗ ಮೂರೂ ಲೈಟ್ ಹತ್ತಬೇಕು, ಬಿಟ್ಟಾಗ ಆರಬೇಕು. ಬ್ರೇಕ್ ಒತ್ತದೆ ಲಿವರ್ ಎಳೆದರೆ ಬರಬಾರದು. ಎರಡೂ ಸರಿ ಇದ್ದರೆ ಮಾತ್ರ ದುಡ್ಡು ಕೊಡಿ.

ಕೊನೆಯದಾಗಿ ಪೇಟೆ ಬೀದಿಯ ಅಂಗಡಿಯವರಿಗೆ ಒಂದು ವಿನಂತಿ. ಡ್ರೈವರ್ ಸೀಟಿನಲ್ಲಿ ಕೂತವರಿಗೆ ತಮ್ಮದೇ ಕಾರಿನ ಬ್ರೇಕ್ ಲೈಟ್ ಕಾಣಲ್ಲ. ಬೆಳಗ್ಗೆಯಿಂದ ಸಂಜೆ ತನಕ ಗಾಡಿಗಳ ಬೆನ್ನು ನೋಡ್ತಾ ಕೂರೋದು ನೀವೇ. ಯಾವುದಾದರೂ ಕಾರು, ಆಟೋ, ಬೈಕು ನಿಮ್ಮೆದುರು ಬಂದು ನಿಂತಾಗ ಹಿಂದಿನ ಕೆಂಪು ದೀಪ ಹತ್ತಲಿಲ್ಲ ಅಂದರೆ ಸುಮ್ಮನಿರಬೇಡಿ, ಕರೆದು ಹೇಳಿ.